ಬಿದ್ರಿಯ ಕಪ್ಪು ಕಾಗದದ ಮೇಲೂ ಕಪ್ಪಾಗಿ ಬರಬೇಕಾದರೆ

ಪ್ರಶ್ನೆ: ಬೀದರ್‌ನಲ್ಲಿ ಹೈಸ್ಕೂಲ್ ಶಿಕ್ಷಕಿ ನಾನು. ಎರಡು ವರ್ಷದಿಂದ ಫೋನಿನಲ್ಲೇ ಫೋಟೊ ತೆಗೆಯುತ್ತಿದ್ದೇನೆ. ಕೋಟೆ, ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು, ಹೊಲದಲ್ಲಿ ಕಾಣುವ ಕೃಷ್ಣಮೃಗ, ಎಲ್ಲಕ್ಕಿಂತ ಜಾಸ್ತಿ ನಮ್ಮ ಓಣಿಯ ಬಿದ್ರಿ ಕೆಲಸಗಾರರು. ಈಗ ಕ್ಯಾಮೆರಾ ತಗೋಬೇಕು ಅಂತ 80 ಸಾವಿರ ಕೂಡಿಟ್ಟಿದ್ದೇನೆ. ಅಕ್ಕನ ಮಗ ಮದುವೆ ಫೋಟೊ ತೆಗೆಯುತ್ತಾನೆ, ಫುಲ್ ಫ್ರೇಮ್ ಬಿಟ್ಟು ಬೇರೆ ತಗೋಬೇಡ ಅಂತಾನೆ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಇದೆ. ಯಾವ ಕ್ಯಾಮೆರಾ, ಯಾವ ಸಾಫ್ಟ್‌ವೇರ್, ಮನೆಗೆ ಯಾವ ಪ್ರಿಂಟರ್? ಕೆಲಸಗಾರರ ಫೋಟೊಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವರಿಗೇ ಕೊಡುವ ಆಸೆ ಇದೆ. ಫ್ರೇಮಿಗೆ ಗಾಜು ಹಾಕಿಸಬಹುದಾ?

ಉತ್ತರ:

ಮೇಡಂ, ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಮಾತು ಕೊನೆಯಲ್ಲಿದೆ. ಪ್ರಿಂಟ್ ಹಾಕಿಸಿ ಅವರಿಗೇ ಕೊಡಬೇಕು ಅಂದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ಕಲಬುರಗಿಯಲ್ಲಿ ಇಪ್ಪತ್ತು ವರ್ಷ ಸ್ಟುಡಿಯೊ ನಡೆಸಿದವನು ನಾನು. ಕ್ಯಾಮೆರಾ ಯಾವುದು ಅಂತ ಕೇಳುತ್ತಾ ಬಂದವರಿಗೆ ಲೆಕ್ಕವಿಲ್ಲ. ಎಷ್ಟು ದೊಡ್ಡ ಪ್ರಿಂಟ್, ವರ್ಷಕ್ಕೆ ಎಷ್ಟು ಅಂತ ನಾನು ತಿರುಗಿ ಕೇಳಿದರೆ ಮುಖ ಮುಖ ನೋಡುತ್ತಿದ್ದರು. ಆ ಎರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಅರ್ಧ ತಾನೇ ಬಗೆಹರಿಯುತ್ತದೆ.

ಗೋಡೆಗೆ ಹಾಕಲು 12×18 ಇಂಚು ಬೇಕಾದಷ್ಟಾಯಿತು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಅದಕ್ಕೆ 3600×5400, ಅಂದರೆ ಸುಮಾರು 19 ಮೆಗಾಪಿಕ್ಸೆಲ್ ಸಾಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 4000×6000. ನಾಲ್ಕು ಹೆಜ್ಜೆ ದೂರ ನಿಂತು ನೋಡುವ 20×30 ಪ್ರಿಂಟಿಗೆ ಇಂಚಿಗೆ 200 ಪಿಕ್ಸೆಲ್ ಇದ್ದರೂ ನಡೆಯುತ್ತದೆ, ಅದೂ ಇದರಲ್ಲೇ ಬರುತ್ತದೆ. ಹತ್ತು ವರ್ಷದಿಂದ ಬರುತ್ತಿರುವ ಸಾಧಾರಣ ಕ್ಯಾಮೆರಾಗಳಲ್ಲೂ 24 ಮೆಗಾಪಿಕ್ಸೆಲ್ ಇದೆ. ಆ ಅಂಕಿಯ ಹಿಂದೆ ಓಡುವ ಕೆಲಸ ಇಲ್ಲಿಗೆ ಮುಗಿಯಿತು.

ಇನ್ನು ಫುಲ್ ಫ್ರೇಮ್. ಅಕ್ಕನ ಮಗ ಸುಳ್ಳು ಹೇಳಿಲ್ಲ, ತನ್ನ ಕೆಲಸದ ಮಾತು ಹೇಳಿದ್ದಾನೆ. ರಾತ್ರಿ ಹನ್ನೊಂದಕ್ಕೆ ಮದುವೆ ಮಂಟಪದಲ್ಲಿ ಓಡಾಡುವವನಿಗೆ ಅದು ಬೇಕು. ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, 36×24 ಮಿಲಿಮೀಟರ್, ನಿಕಾನ್‌ನ ಚಿಕ್ಕ ಸೆನ್ಸರ್ ಸುಮಾರು 23.5×15.6. ಎರಡರ ಕ್ಷೇತ್ರಫಲ ಹೋಲಿಸಿದರೆ ಕತ್ತಲಲ್ಲಿ ಒಂದು ಸ್ಟಾಪ್ ಚಿಲ್ಲರೆ ಲಾಭ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಈಗ ಈ ಲೆಕ್ಕ ನೋಡಿ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ 35 ಎಂಎಂನಲ್ಲಿ ಹೆಚ್ಚುಕಡಿಮೆ ಎಫ್ 4.5ರವರೆಗೆ ಮಾತ್ರ ಬಾಯಿ ತೆರೆಯುತ್ತದೆ. ಎಫ್ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಎಫ್ 1.8ರ 35 ಎಂಎಂ ಲೆನ್ಸ್ ಹಾಕಿದರೆ ಅದರ ಆರು ಪಟ್ಟು ಬೆಳಕು ಒಳಗೆ ಬರುತ್ತದೆ. ಎರಡೂವರೆ ಸ್ಟಾಪ್! ಫುಲ್ ಫ್ರೇಮ್ ಕೊಡುವುದಕ್ಕಿಂತ ಜಾಸ್ತಿಯನ್ನು ಒಂದು ಪುಟ್ಟ ಲೆನ್ಸ್ ಕೊಟ್ಟಿತು, ಅದೂ ಬಾಡಿಯ, ಅಂದರೆ ಲೆನ್ಸ್ ಇಲ್ಲದ ಕ್ಯಾಮೆರಾದ, ಬೆಲೆಯ ಚೂರು ಭಾಗದಲ್ಲಿ.

ನಂಬಿಕೆ ಬರದಿದ್ದರೆ ಒಮ್ಮೆ ಕಲಬುರಗಿ ಕೋಟೆಯ ಜಾಮಾ ಮಸೀದಿಗೆ ಬನ್ನಿ. 1367ರದು. ಬೇರೆ ಮಸೀದಿಗಳಲ್ಲಿ ಇರುವಂತೆ ತೆರೆದ ಅಂಗಳ ಇಲ್ಲಿಲ್ಲ, ಇಡೀ ಕಟ್ಟಡದ ಮೇಲೆ ಗುಮ್ಮಟಗಳ ಚಾವಣಿ. ಬೆಳಕು ಬರುವುದು ಪಕ್ಕದ ಕಮಾನುಗಳಿಂದ. ನಡುವಿನ ಸಾಲಿಗೆ ಹೋದರೆ ಮಧ್ಯಾಹ್ನವೂ ಸಂಜೆಯ ಹಾಗೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಿಡುವುದಿಲ್ಲ. ಕೈಯಲ್ಲೇ ಹಿಡಿದು ತೆಗೆಯಬೇಕು. ಅಲ್ಲಿ ನನ್ನ ಕಿಟ್ ಲೆನ್ಸ್‌ನಲ್ಲಿ ಕಮಾನುಗಳೆಲ್ಲ ಅಲುಗಾಡಿ ಬಂದಿದ್ದವು. 35 ಹಾಕಿದ ಮೇಲೆ ಕಲ್ಲಿನ ಗಾರೆಯ ಗೆರೆ ಕೂಡ ಎಣಿಸುವಂತೆ ಬಂತು. ಬಾಡಿ ಅದೇ, ಕೈಯೂ ಅದೇ.

ಹಾಗಾದರೆ ಯಾವ ಬಾಡಿ? ನಿಮ್ಮ ಜಾಗದಲ್ಲಿ ನಾನಿದ್ದರೆ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7200 ಹುಡುಕುತ್ತಿದ್ದೆ. 2015ರ ಮಾಡೆಲ್, ಹಳೆಯದು, ಒಪ್ಪಿದೆ. ಆದರೆ 24 ಮೆಗಾಪಿಕ್ಸೆಲ್ ಇದೆ, ಎರಡು ಕಾರ್ಡ್ ಹಾಕಬಹುದು, ಧೂಳು ಹೊಗದಂತೆ ಬಾಡಿಗೆ ಸೀಲಿಂಗ್ ಇದೆ. ನಮ್ಮ ತೊಗರಿ ರಾಶಿಯ ದಿನಗಳ ಧೂಳು ಗೊತ್ತಲ್ವಾ? ಕಂಪನಿ ಲೆಕ್ಕದಲ್ಲಿ ಒಂದು ಚಾರ್ಜಿಗೆ 1,110 ಫೋಟೊ. ಬಾಡಿಯೊಳಗೇ ಫೋಕಸ್ ಮೋಟಾರ್ ಇರುವುದರಿಂದ ಹಳೆಯ ಅಗ್ಗದ ಆಟೊಫೋಕಸ್ ಲೆನ್ಸ್‌ಗಳೂ ಕೆಲಸ ಮಾಡುತ್ತವೆ. ಡಿ3500ರಂಥ ಚಿಕ್ಕ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ. ಅದರೊಂದಿಗೆ 18-140 ಲೆನ್ಸ್, 35 ಎಂಎಂ ಎಫ್ 1.8, ಆಮೇಲೆ ಹಣ ಉಳಿದರೆ 70-300. ಎಲ್ಲವೂ ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮ 80 ಸಾವಿರದಲ್ಲಿ ಪ್ರಿಂಟ್‌ಗಳಿಗೂ ಏನಾದರೂ ಉಳಿಯುತ್ತದೆ.

ಹಳೆಯದು ಕೊಳ್ಳಲು ಧೈರ್ಯ ಸಾಲದಿದ್ದರೆ, ವಾರಂಟಿ ಬೇಕೇ ಬೇಕು ಅಂದರೆ, ಹೊಸ ಕ್ಯಾನನ್ ಆರ್50 ತಗೊಳ್ಳಿ. ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ್ದು. ಬೆಳಕು ಕಡಿಮೆ ಮಾಡಿದಾಗ ಫೋಟೊ ಎಷ್ಟು ಕಪ್ಪಾಗುತ್ತದೆ ಅಂತ ವ್ಯೂಫೈಂಡರ್‌ನಲ್ಲೇ ಮೊದಲೇ ಕಾಣುತ್ತದೆ. ಕಲಿಯುವವರಿಗೆ ಇದು ದೊಡ್ಡ ಅನುಕೂಲ, ಬಿದ್ರಿ ತೆಗೆಯುವವರಿಗೆ ಇನ್ನೂ ಜಾಸ್ತಿ. ಮುಂದೆ ಹೊಸ ಲೆನ್ಸ್‌ಗಳು ಬರುವುದೂ ಮಿರರ್‌ಲೆಸ್‌ಗೇ. ಆದರೆ ಅದರ ಲೆನ್ಸ್‌ಗಳು ದುಬಾರಿ, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವುದೂ ಅಪರೂಪ.

ಸೆಕೆಂಡ್ ಹ್ಯಾಂಡ್ ಅಂದರೆ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಬೀದರ್‌ನಿಂದ ಹೈದರಾಬಾದ್ ದೂರವೇನಿಲ್ಲ, ಕಲಬುರಗಿಗೂ 2017ರಿಂದ ನೇರ ರೈಲು ಮಾರ್ಗ ಇದೆ. ಹೋಗುವಾಗ ಒಂದು ಮೆಮೊರಿ ಕಾರ್ಡ್, ಒಂದು ಸಣ್ಣ ಟಾರ್ಚ್ ಇಟ್ಟುಕೊಳ್ಳಿ. ಲೆನ್ಸ್ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದರೆ ಒಳಗೆ ಜೇಡರ ಬಲೆಯಂಥ ಎಳೆ ಕಂಡೀತು. ಅದು ಫಂಗಸ್. ಬಿಟ್ಟುಬಿಡಿ, ಎಷ್ಟೇ ಕಡಿಮೆಗೆ ಕೊಟ್ಟರೂ. ನಾನು ಒಮ್ಮೆ ಬೆಲೆಗೆ ಮರುಳಾಗಿ ಅಂಥ ಲೆನ್ಸ್ ತಂದು, ಕ್ಲೀನ್ ಮಾಡಿಸಲು ಅಷ್ಟೇ ಖರ್ಚು ಮಾಡಿದೆ. ಮುಂದಿನ ಮಳೆಗಾಲಕ್ಕೆ ಅದು ಮತ್ತೆ ಬಂತು. ಬಾಡಿಯಲ್ಲಿ ಎಫ್ 22 ಇಟ್ಟು ಬಿಳಿ ಗೋಡೆಯ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ, ಸೆನ್ಸರ್ ಮೇಲಿನ ಕಲೆಗಳೆಲ್ಲ ಚುಕ್ಕೆ ಚುಕ್ಕೆಯಾಗಿ ಬರುತ್ತವೆ. ನಿಕಾನ್ ಆದರೆ ಆ ಫೋಟೊ ಫೈಲ್‌ನೊಳಗೇ ಶಟರ್ ಎಷ್ಟು ಸಲ ಬಿದ್ದಿದೆ ಅನ್ನುವ ಲೆಕ್ಕ ಇರುತ್ತದೆ. ಡಿ7200ರ ಶಟರನ್ನು 1,50,000 ಸಲಕ್ಕೆ ಪರೀಕ್ಷಿಸಿದ್ದಾರೆ. 40-50 ಸಾವಿರ ಸಲದೊಳಗೆ ಬಿದ್ದದ್ದು ಸಿಕ್ಕರೆ ಹವ್ಯಾಸಕ್ಕೆ ಬಹುಕಾಲ ಬಾಳುತ್ತದೆ. ಮದುವೆಯವರ ಕೈಯಲ್ಲಿ ದುಡಿದ ಬಾಡಿ ಹೊರಗಿನಿಂದ ಎಷ್ಟೇ ಥಳಥಳ ಅಂದರೂ ಈ ಅಂಕಿ ಸುಳ್ಳು ಹೇಳುವುದಿಲ್ಲ.

ಕೃಷ್ಣಮೃಗದ ವಿಷಯ ಬೇಗ ಮುಗಿಸುತ್ತೇನೆ. 70-300 ಸಾಕು, ಚಿಕ್ಕ ಸೆನ್ಸರ್ ಮೇಲೆ ಅದು ಫುಲ್ ಫ್ರೇಮ್‌ನ 450 ಎಂಎಂ ಲೆನ್ಸ್‌ನಷ್ಟು ಹತ್ತಿರ ತರುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ತೆಗೆದುಬಿಡಿ. ಬೇಸಿಗೆಯಲ್ಲಿ ಎಂಟೂವರೆ ದಾಟಿದರೆ ನೆಲ ಕಾದು ಗಾಳಿ ನಡುಗುತ್ತದೆ. ಆ ನಡುಕದ ಮೂಲಕ ತೆಗೆದ ಫೋಟೊ ಲಕ್ಷ ರೂಪಾಯಿ ಲೆನ್ಸ್‌ನಲ್ಲೂ ಮಸುಕೇ. ಲೆನ್ಸ್ ಸರಿ ಇಲ್ಲ ಅಂತ ಬೈಯುವವರು ಬಹಳ ಮಂದಿ, ತಪ್ಪು ಗಾಳಿಯದು. ಬೈಕ್ ಹತ್ತಿ ಅಟ್ಟಿಸಿಕೊಂಡು ಹೋಗಬೇಡಿ. ಡ್ರೋನ್ ಯೋಚನೆ ಬಂದಿದ್ದರೆ ಅದನ್ನೂ ಬಿಡಿ. ನಿಮ್ಮೂರಲ್ಲಿ ವಾಯುಪಡೆಯ ನೆಲೆ ಇದೆ, ಸೂರ್ಯಕಿರಣ ತಂಡದ ಮನೆಯೇ ಅದು.

ಈಗ ನಿಮ್ಮ ಓಣಿಗೆ ಬರೋಣ. ಬಿದ್ರಿ ಫೋಟೊ ತೆಗೆಯುವುದು ನೋಡಿದಷ್ಟು ಸುಲಭ ಅಲ್ಲ. ಸತು-ತಾಮ್ರದ ಪಾತ್ರೆ ಪೂರ್ತಿ ಕಪ್ಪು, ಅದರ ಮೇಲೆ ಕೂದಲೆಳೆಯಂಥ ಬೆಳ್ಳಿ. ಒಂದು ಬೆಳಕು ನುಂಗುತ್ತದೆ, ಇನ್ನೊಂದು ಕನ್ನಡಿ ಹಾಗೆ ವಾಪಸ್ ಎಸೆಯುತ್ತದೆ. ಎದುರಿಗೆ ಬಂದದ್ದನ್ನೆಲ್ಲ ನಡು ಬೂದಿಬಣ್ಣಕ್ಕೆ ತರಬೇಕು ಅನ್ನುವುದು ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ನ ಬುದ್ಧಿ. ಕಪ್ಪು ಹೂಜಿ ಕಂಡರೆ "ಕತ್ತಲಾಗಿದೆ" ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ಫಲ, ಹೂಜಿ ಬೂದಿಯಾಗುತ್ತದೆ, ಬೆಳ್ಳಿಯ ಬಳ್ಳಿ ಸುಟ್ಟು ಬರಿ ಬಿಳಿ ಗೆರೆಯಾಗುತ್ತದೆ. ಬೆಳಕನ್ನು ಏರಿಸಿ ಇಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಮೈನಸ್ 1ಕ್ಕೋ, ಮೈನಸ್ 1.3ಕ್ಕೋ ಇಳಿಸಿ. ಕೋಟೆಯ ಮಣ್ಣು, ನವಸಾಗರ ಹಾಕಿ ಅವರು ತಂದ ಆ ಕಪ್ಪನ್ನು ಕ್ಯಾಮೆರಾ ಬೂದಿ ಮಾಡಿದರೆ ಅವರಿಗೆ ಹೇಗನ್ನಿಸುತ್ತದೆ ಹೇಳಿ.

ಬೆಳಕಿಗೆ ಫ್ಲಾಶ್ ಬೇಡವೇ ಬೇಡ. ಕಿಟಕಿ ಪಕ್ಕದಲ್ಲಿ ಪಾತ್ರೆ ಇಡಿ, ನೇರ ಬಿಸಿಲು ಬೀಳಬಾರದು. ಇನ್ನೊಂದು ಬದಿಗೆ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿ. ಬೆಳ್ಳಿ ತನ್ನ ಎದುರಿಗೆ ಇದ್ದದ್ದನ್ನು ತೋರಿಸುತ್ತದೆ. ಎದುರಿಗೆ ಕತ್ತಲ ಕೋಣೆ ಇದ್ದರೆ ಬೆಳ್ಳಿಯೂ ಕಪ್ಪಾಗಿ ಕೆಲಸವೆಲ್ಲ ಮಾಯ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟುಕೊಂಡು ಥರ್ಮೋಕೋಲ್ ಅನ್ನು ಸ್ವಲ್ಪ ಸ್ವಲ್ಪವೇ ಸರಿಸಲು ಯಾರಿಗಾದರೂ ಹೇಳಿ. ಒಂದು ಜಾಗಕ್ಕೆ ಬಂದಾಗ ಇಡೀ ಬಳ್ಳಿ ಒಮ್ಮೆಲೇ ದೀಪ ಹಚ್ಚಿದ ಹಾಗೆ ಹೊಳೆಯುತ್ತದೆ. ಅಲ್ಲೇ ನಿಲ್ಲಿಸಿ. ಎಫ್ 8 ಅಥವಾ 11, ಐಎಸ್‌ಒ 100, ಕ್ಯಾಮೆರಾ ಕೆಳಗೆ ಟ್ರೈಪಾಡ್ ಇಲ್ಲದಿದ್ದರೆ ಪುಸ್ತಕಗಳ ಅಟ್ಟಿ, ಎರಡು ಸೆಕೆಂಡ್ ಟೈಮರ್. ಹೊಳಪು ತೆಗೆಯಲು ಪೋಲರೈಸರ್ ಫಿಲ್ಟರ್ ಹಾಕಿ ಅಂತ ಯಾರಾದರೂ ಹೇಳಿದರೆ ದುಡ್ಡು ಹಾಳು ಮಾಡಬೇಡಿ. ನೀರು, ಗಾಜು, ಎಲೆಗಳ ಮೇಲಿನ ಹೊಳಪಿಗೆ ಅದು ಮದ್ದು, ಬರಿ ಲೋಹದ ಮುಂದೆ ಅದರ ಆಟ ನಡೆಯುವುದಿಲ್ಲ. ಇನ್ನೊಂದು ಮಾತು. ಶಟರ್ ಒತ್ತುವ ಮುಂಚೆ ಕೆಲಸಗಾರರಿಂದಲೇ ಎಣ್ಣೆ ಬಟ್ಟೆಯಲ್ಲಿ ಒಮ್ಮೆ ಒರೆಸಿಸಿ. ಕಪ್ಪು ಗಾಢವಾಗುತ್ತದೆ, ನಿಮ್ಮ ಬೆರಳಚ್ಚೂ ಹೋಗುತ್ತದೆ. ಒಂದು ಬೆರಳಚ್ಚನ್ನು ಕಂಪ್ಯೂಟರ್‌ನಲ್ಲಿ ಅಳಿಸಲು ನಾನು ಅರ್ಧ ಸಂಜೆ ಕೂತದ್ದಿದೆ.

ಸಾಫ್ಟ್‌ವೇರ್‌ಗೆ ಈಗಲೇ ಒಂದು ರೂಪಾಯಿ ಕೊಡಬೇಡಿ. ಫೋಟೊಗಳನ್ನು ರಾ (ಸೆನ್ಸರ್ ಕಂಡದ್ದೆಲ್ಲ ಇರುವ ಕಚ್ಚಾ ಫೈಲ್) ಮತ್ತು ಜೆಪೆಗ್ ಎರಡರಲ್ಲೂ ತೆಗೆಯಿರಿ. ನಿಕಾನ್ ತಗೊಂಡರೆ ಕಂಪನಿಯದೇ ಎನ್‌ಎಕ್ಸ್ ಸ್ಟುಡಿಯೊ, ಕ್ಯಾನನ್ ಆದರೆ ಡಿಜಿಟಲ್ ಫೋಟೊ ಪ್ರೊಫೆಷನಲ್. ಎರಡೂ ಉಚಿತ, ಬಣ್ಣವೂ ಕ್ಯಾಮೆರಾದಲ್ಲಿ ಕಂಡ ಹಾಗೇ ಬರುತ್ತದೆ. ಆರು ತಿಂಗಳು ಅದರಲ್ಲಿ ಕೈ ಪಳಗಲಿ. ಆಮೇಲೂ ಸಾಲದು ಅನ್ನಿಸಿದರೆ ಡಾರ್ಕ್‌ಟೇಬಲ್, ರಾಥೆರಪಿ ಇವೆ, ಅವೂ ಉಚಿತ. ಡಾರ್ಕ್‌ಟೇಬಲ್ ಬಲಶಾಲಿ, ಆದರೆ ಮೊದಲ ವಾರ ತಲೆ ತಿನ್ನುತ್ತದೆ. ಲೈಟ್‌ರೂಮ್ ಬಳಸಲು ಸಲೀಸು, ಸಾವಿರಾರು ಫೋಟೊ ಜೋಡಿಸಿಡಲು ಅದರಷ್ಟು ಚೆನ್ನಾಗಿರುವುದು ನನಗೆ ಸಿಕ್ಕಿಲ್ಲ. ಆದರೆ ಅದು ಬಾಡಿಗೆ ಮನೆ ಇದ್ದ ಹಾಗೆ, ಪ್ರತಿ ತಿಂಗಳೂ ಕಟ್ಟುತ್ತಿರಬೇಕು. 8 ಜಿಬಿ ರ‍್ಯಾಮ್ ಅದಕ್ಕೆ ಕನಿಷ್ಠ, 16 ಇದ್ದರೆ ಮಾತ್ರ ಆರಾಮ. ನಿಮ್ಮ ಲ್ಯಾಪ್‌ಟಾಪ್‌ಗೆ ಇನ್ನೊಂದು 8 ಜಿಬಿ ಹಾಕಿಸಲು ಬರುತ್ತದಾ ಕೇಳಿ ನೋಡಿ, ಯಾವ ಸಾಫ್ಟ್‌ವೇರ್ ಇಟ್ಟರೂ ಆ ಖರ್ಚು ದಂಡವಲ್ಲ. ಕ್ರ್ಯಾಕ್ ಹಾಕಿಕೊಡುತ್ತೇವೆ ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅದರ ಜೊತೆ ಏನೇನು ಒಳಗೆ ಬರುತ್ತದೋ ದೇವರೇ ಬಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಶಾಲೆಯ ಕೆಲಸವೂ ಇರುತ್ತದಲ್ಲ.

ಫೋಟೊ ಕೆಳಗೆ ಕೆಲಸಗಾರರ ಹೆಸರನ್ನು ಕನ್ನಡದಲ್ಲಿ ಬರೆಯುವುದಾದರೆ ಒಂದು ಸಣ್ಣ ಸಲಹೆ. ಫೋಟೊಶಾಪ್‌ನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂತರೆ ಫಾಂಟ್ ಬೈಯಬೇಡಿ. ಹಳೆಯ ಫೋಟೊಶಾಪ್ ಆದರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಅಂತ ಇದೆ, ಅದನ್ನು ಆನ್ ಮಾಡಿ.

ನನ್ನ ಸ್ಟುಡಿಯೊದಲ್ಲಿ ಅತಿ ಜಾಸ್ತಿ ಕೇಳಿದ ದೂರು ಇದು: "ಸರ, ಕಂಪ್ಯೂಟರ್‌ದಾಗ ಚಂದ ಕಾಣಸ್ತದ, ಪ್ರಿಂಟ್‌ದಾಗ ಯಾಕ ಕರ್ರಗ ಆಗ್ಯಾದ್ರಿ?" ಪ್ರಿಂಟ್ ಸರಿಯಾಗೇ ಇರುತ್ತಿತ್ತು. ಲ್ಯಾಪ್‌ಟಾಪ್ ಬ್ರೈಟ್‌ನೆಸ್ ಪೂರ್ತಿ ಏರಿಸಿ ಎಡಿಟ್ ಮಾಡಿರುತ್ತಿದ್ದರು. ಸ್ಕ್ರೀನ್ ತಾನೇ ಉರಿಯುವ ದೀಪ, ಕಾಗದ ಕೋಣೆಯ ಬೆಳಕನ್ನು ನೆಚ್ಚಿಕೊಂಡಿದೆ. ಹೀಗೆ ಮಾಡಿ: ಸ್ಕ್ರೀನ್ ತುಂಬಾ ಖಾಲಿ ಬಿಳಿ ಪುಟ ತೆರೆಯಿರಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ. ಎರಡೂ ಒಂದೇ ಬಿಳುಪು ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ನೈಟ್ ಲೈಟ್ ಆಫ್ ಇರಲಿ. ಅಲ್ಲಿ ಒಂದು ಗುರುತು ನೆನಪಿಟ್ಟುಕೊಂಡು ಎಡಿಟಿಂಗ್ ಯಾವಾಗಲೂ ಆ ಬೆಳಕಲ್ಲೇ ಮಾಡಿ. ಸ್ಕ್ರೀನ್ ಅಳೆಯುವ ಕ್ಯಾಲಿಬ್ರೇಟರ್ ಇದಕ್ಕಿಂತ ಎಷ್ಟೋ ಪಕ್ಕಾ, ಆದರೆ ಮೊದಲ ವರ್ಷಕ್ಕೆ ಹಾಳೆ ಸಾಕು.

ಇನ್ನು ಪ್ರಿಂಟರ್. ತಗೋಬೇಡಿ.

ಕಾರಣ ಹೇಳುತ್ತೇನೆ. ಫೋಟೊಗೆ ಅಂತ ಮನೆಯಲ್ಲಿ ಇಡಬಹುದಾದದ್ದು ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್. ಎಪ್ಸನ್ ಎಲ್8050 ಅಂಥದ್ದು. ಚೆನ್ನಾಗಿದೆ, ಆದರೆ ಅದು ಎ4. ನಿಮಗೆ ಬೇಕಾದ 12×18 ಅದರಲ್ಲಿ ಬರುವುದೇ ಇಲ್ಲ. ಅದಕ್ಕೆ ಎ3 ಪ್ಲಸ್‌ನ ಎಲ್18050 ಬೇಕು, ಆಗ ಕ್ಯಾಮೆರಾ ದುಡ್ಡಿನಲ್ಲಿ ದೊಡ್ಡ ತುಂಡು ಹೋಯಿತು. ನಾಲ್ಕು ಬಣ್ಣದ ಸಾಧಾರಣ ಇಂಕ್ ಟ್ಯಾಂಕ್ ಶಾಲೆಯ ಪ್ರಶ್ನೆಪತ್ರಿಕೆಗೆ ಸರಿ, ಮುಖದ ಮೇಲಿನ ತೆಳು ಬಣ್ಣಗಳಲ್ಲಿ ಚುಕ್ಕೆ ಎದ್ದು ಕಾಣುತ್ತದೆ. ಇಷ್ಟೇ ಆಗಿದ್ದರೆ ನಾನು ಸುಮ್ನಿರುತ್ತಿದ್ದೆ. ನಮ್ಮ ಕಡೆಯ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಏಪ್ರಿಲ್‌ನಲ್ಲಿ ನಾನು ಫೋಟೊ ಪ್ರಿಂಟರ್ ತಂದೆ. ಮೇ ತಿಂಗಳು ಮಗಳ ಮನೆಗೆ ಹೋಗಿ ಐದು ವಾರ ಬಿಟ್ಟು ಬಂದೆ. ಮೇಲಿನ ಮಹಡಿ, ಬಾಗಿಲು ಹಾಕಿದ ಕೋಣೆ, ಹೊರಗೆ 43 ಡಿಗ್ರಿ. ಬಂದು ಆನ್ ಮಾಡಿದರೆ ಕೆಂಪು ಬರುತ್ತದೆ, ನೀಲಿ ಇಲ್ಲ. ಇಂಕ್ ಚಿಮ್ಮಿಸುವ ಹೆಡ್‌ನಲ್ಲಿ ಇಂಕ್ ಒಣಗಿ ಕಟ್ಟಿಕೊಂಡಿತ್ತು. ಹೆಡ್ ಕ್ಲೀನಿಂಗ್ ಒತ್ತಿದೆ, ಮತ್ತೆ ಒತ್ತಿದೆ. ಪ್ರತಿ ಸಲ ಟ್ಯಾಂಕ್‌ನಲ್ಲಿ ಇಂಕ್ ಇಳಿಯಿತೇ ಹೊರತು ನೀಲಿ ಬರಲಿಲ್ಲ. ಕೊನೆಗೆ ಹೆಡ್ ಬದಲಿಸಲು ಹೇಳಿದ ರೇಟ್ ಕೇಳಿ ಹೆಂಡತಿ ನಕ್ಕೇಬಿಟ್ಟಳು. ವಾರಕ್ಕೊಂದಾದರೂ ಬಣ್ಣದ ಪ್ರಿಂಟ್ ತೆಗೆಯುವವರಿಗೆ ಪ್ರಿಂಟರ್. ತಿಂಗಳಿಗೆ ಮೂರು ಫೋಟೊ ಹಾಕಿಸುವವರಿಗೆ ಕಲರ್ ಲ್ಯಾಬ್. ಮಕ್ಕಳ ಕೈಗೆ ಆಗಲೇ 4×6 ಕೊಡುವ ಖುಷಿ ಬೇಕಾದರೆ ಕ್ಯಾನನ್ ಸೆಲ್ಫಿ ಸಿಪಿ1500 ನೋಡಿ. ಅದರಲ್ಲಿ ಇಂಕ್ ಇಲ್ಲ, ರಿಬ್ಬನ್ ಇದೆ, ಒಣಗುವ ಭಯ ಇಲ್ಲ.

ಲ್ಯಾಬ್‌ಗೆ ಕೊಡುವಾಗ ಫೈಲ್‌ನ ಬಣ್ಣದ ಸೆಟ್ಟಿಂಗ್ ಎಸ್‌ಆರ್‌ಜಿಬಿಯಲ್ಲಿ ಇರಲಿ. 4×6, 8×12, 12×18 ಈ ಸೈಜ್‌ಗಳಲ್ಲಿ ನಿಮ್ಮ ಕ್ಯಾಮೆರಾ ಫ್ರೇಮ್ ಇದ್ದ ಹಾಗೇ ಕೂರುತ್ತದೆ. 5×7 ಅಂದರೆ ಅಂಚು ಕಟ್ ಆಗುತ್ತದೆ. ಆಮೇಲೆ ಕೌಂಟರ್‌ನಲ್ಲಿ ಒಂದು ಮಾತು ಬಾಯಿಬಿಟ್ಟು ಹೇಳಬೇಕು: "ಕರೆಕ್ಷನ್ ಹಾಕಬೇಡಿ." ಲ್ಯಾಬ್ ಮಶೀನ್‌ಗೂ ಕ್ಯಾಮೆರಾ ಮೀಟರ್‌ನ ಬುದ್ಧಿಯೇ. ಕಪ್ಪು ತುಂಬಿದ ಫೋಟೊ ಕಂಡರೆ ತಾನಾಗೇ ಬೆಳಗಿಸುತ್ತದೆ. ಮೈನಸ್ 1.3 ಹಾಕಿ, ಥರ್ಮೋಕೋಲ್ ಸರಿಸಿ, ನೀವು ಉಳಿಸಿಕೊಂಡು ಬಂದ ಕಪ್ಪು ಅಲ್ಲಿ ಒಂದು ಕ್ಷಣದಲ್ಲಿ ಬೂದಿ. ದೊಡ್ಡ ಪ್ರಿಂಟ್‌ಗೆ ಮೊದಲು ಅದೇ ಫೋಟೊವನ್ನು ಇದ್ದ ಹಾಗೆ ಒಂದು, ಸ್ವಲ್ಪ ಬೆಳಗಿಸಿ ಒಂದು, ಇನ್ನೂ ಸ್ವಲ್ಪ ಬೆಳಗಿಸಿ ಒಂದು, ಮೂರು 4×6 ಹಾಕಿಸಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ತೀರ್ಮಾನ ಮಾಡಬೇಡಿ. ಅದು ತೂಗುವ ಗೋಡೆಯ ಹತ್ತಿರ ಒಯ್ದು, ಹಗಲಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. ಕಾಗದ ಮ್ಯಾಟ್ ಬೇಡ. ಕೋಟೆ ಗೋಡೆಗೆ ಚೆಂದ, ಆದರೆ ಬಿದ್ರಿಯ ಕಪ್ಪು ಅದರ ಮೇಲೆ ಇದ್ದಿಲಿನ ಹಾಗೆ ಸಪ್ಪೆ. ಲಸ್ಟರ್ ಕೇಳಿ. ಕಪ್ಪೂ ಗಾಢವಾಗಿ ಬರುತ್ತದೆ, ಗ್ಲಾಸಿಯಷ್ಟು ಕಣ್ಣಿಗೂ ಹೊಡೆಯುವುದಿಲ್ಲ.

ಗಾಜು ಹಾಕಿಸಬಹುದು, ಹಾಕಿಸಲೂಬೇಕು, ನಮ್ಮ ಧೂಳಿಗೆ. ಆದರೆ ಗಾಜು ಫೋಟೊಗೆ ತಾಗಬಾರದು. ಮಳೆಗಾಲದ ತೇವಕ್ಕೆ ಪ್ರಿಂಟ್ ಗಾಜಿಗೆ ಅಂಟಿಕೊಂಡರೆ ಬಿಡಿಸುವಾಗ ಮುಖವೇ ಕಿತ್ತು ಬರುತ್ತದೆ. ಹಳೆ ಮದುವೆ ಫೋಟೊಗಳಲ್ಲಿ ನೋಡಿರುತ್ತೀರಿ. ಫ್ರೇಮ್ ಅಂಗಡಿಯವರಿಗೆ ನಡುವೆ ಮೌಂಟ್ ಬೋರ್ಡ್ (ಫೋಟೊ ಸುತ್ತ ಕೂರುವ ದಪ್ಪ ರಟ್ಟು) ಇಡಲು ಹೇಳಿ. ಕೊಡಲು ಹೋದಾಗ ಮೊಳೆ ಹೊಡೆಯುವ ಜಾಗವನ್ನೂ ನೀವೇ ನೋಡಿ. ಸಂಜೆ ಬಿಸಿಲು ಬೀಳುವ ಗೋಡೆಯೊಂದನ್ನು ಬಿಟ್ಟು ಬೇರೆ ಎಲ್ಲಾದರೂ ಸರಿ.